ಕೆರೆಗೆ ಕೊಟ್ಟ ಸರಪಳಿ: ಪ್ರಾಚೀನ ಕೆಲ್ಟರ ಬದುಕು ಮತ್ತು ದೇವರು

(ಓದುಗರ ಬಳಗದಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತಿನ ಬರಹ ರೂಪ. ಕೇಳುಗರು ಎತ್ತಿದ ಕೆಲವು ಪ್ರಶ್ನೆಗಳನ್ನು ನಡುವೆ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಕೆಸರಲ್ಲಿ ಹೂತುಹೋದ ಒಂದು ಲಾರಿಯ ಕಥೆಯಿಂದ ಶುರು ಮಾಡುತ್ತೇನೆ. ಎರಡನೇ ಮಹಾಯುದ್ಧದ ಕಾಲ, 1942-43. ಬ್ರಿಟನ್ನಿನ ವೇಲ್ಸ್ ಸೀಮೆಯ ಪಕ್ಕದಲ್ಲಿ ಆಂಗಲ್‌ಸಿ ಎಂಬ ದ್ವೀಪವಿದೆ. ಅಲ್ಲಿ ಯುದ್ಧವಿಮಾನಗಳಿಗೆ ನಿಲ್ದಾಣ ಕಟ್ಟುತ್ತಿದ್ದರು. ಸಮುದ್ರದ ದಂಡೆ, ಎಲ್ಲಿ ನೋಡಿದರೂ ಮರಳು. ಮರಳು ಗಾಳಿಗೆ ಹಾರದಿರಲಿ ಅಂತ ಹತ್ತಿರದ ಜೌಗು ಕೆರೆಯಿಂದ ಪೀಟ್ ಎಂಬ ಕಪ್ಪು ಮಣ್ಣನ್ನು ತೋಡಿ ತಂದು ಹರಡುತ್ತಿದ್ದರು. ಕೆರೆಯ ಹೆಸರು ಲ್ಲಿನ್ ಕೆರಿಗ್ ಬಾಖ್. ಚಿಕ್ಕ ಕಲ್ಲುಗಳ ಕೆರೆ ಅಂತ ಅರ್ಥ. ಒಂದು ದಿನ ಮಣ್ಣಿನ ಜೊತೆ ಉದ್ದನೆಯ ಕಬ್ಬಿಣದ ಸರಪಳಿ ಮೇಲೆ ಬಂತು. ಲಾರಿ ಕೆಸರಲ್ಲಿ ಸಿಕ್ಕಿಕೊಂಡಾಗ ಕೆಲಸದವರು ಅದನ್ನೇ ಟ್ರ್ಯಾಕ್ಟರಿಗೆ ಕಟ್ಟಿ ಎಳೆದರು. ಲಾರಿ ಹೊರಗೆ ಬಂತು. ಸರಪಳಿಯ ಒಂದು ಕೊಂಡಿಯೂ ಬಿಟ್ಟುಕೊಳ್ಳಲಿಲ್ಲ.

ಅದೇ ಮಣ್ಣಿನಲ್ಲಿ ಕತ್ತಿ, ಈಟಿ, ರಥದ ಚಕ್ರದ ಕಬ್ಬಿಣದ ಪಟ್ಟಿ, ಪ್ರಾಣಿಗಳ ಮೂಳೆ ಎಲ್ಲ ಸಿಗತೊಡಗಿದವು. ವೇಲ್ಸ್ ರಾಷ್ಟ್ರೀಯ ಮ್ಯೂಸಿಯಂನ ಸಿರಿಲ್ ಫಾಕ್ಸ್ ಅವನ್ನು ನೋಡಿದರು. ಎಲ್ಲವೂ ಸುಮಾರು 2000 ವರ್ಷ ಹಿಂದಿನವು. 150ಕ್ಕೂ ಜಾಸ್ತಿ ವಸ್ತುಗಳು. ಲಾರಿ ಎಳೆದ ಆ ಸರಪಳಿಯಲ್ಲಿ ಸಾಲಾಗಿ ಐದು ಬಳೆಗಳಿದ್ದವು. ಅವು ಕೊರಳಿಗೆ ಹಾಕುವ ಬಳೆಗಳು. ಐದು ಮನುಷ್ಯರನ್ನು ಒಂದೇ ಸಾಲಿನಲ್ಲಿ ಕಟ್ಟಿ ನಡೆಸಿಕೊಂಡು ಹೋಗಲು ಮಾಡಿದ್ದು.

ಆ ಸರಪಳಿಯ ಚಿತ್ರವನ್ನು ನಾನು ತುಂಬಾ ಹೊತ್ತು ನೋಡಿದ್ದೇನೆ. ಎಂಥ ಕಮ್ಮಾರನಿರಬೇಕು ಅಂತ ಮೊದಲು ಅನ್ನಿಸುತ್ತದೆ. ಆಮೇಲೆ ಆ ಐದು ಕೊರಳುಗಳು ನೆನಪಾಗುತ್ತವೆ. ಇಷ್ಟು ಬೆಲೆಬಾಳುವ ಕಬ್ಬಿಣವನ್ನು ಯಾರಾದರೂ ಕೆರೆಗೆ ಯಾಕೆ ಎಸೆದರು ಅನ್ನುವ ಪ್ರಶ್ನೆ ಕೊನೆಗೆ ಬರುತ್ತದೆ. ಕೆಲ್ಟರ ಕಸುಬು, ಅವರ ಸಮಾಜ, ಅವರ ದೇವರು, ಮೂರೂ ಈ ಒಂದು ವಸ್ತುವಿನಲ್ಲಿವೆ. ಕೆಲ್ಟರು ತಮ್ಮ ಬಗ್ಗೆ ತಾವೇ ಒಂದು ಪುಸ್ತಕ ಬರೆದಿಡಲಿಲ್ಲ. ಅವರ ಬಗ್ಗೆ ಬರೆದವರು ಗ್ರೀಕರು ಮತ್ತು ರೋಮನ್ನರು. ಬಹಳ ಸಲ ಬರೆದ ಕೈಯೇ ಅವರನ್ನು ಕೊಂದ ಕೈ ಕೂಡ ಹೌದು. ಆದ್ದರಿಂದ ಇವತ್ತು ನಾನು ಕೇಳಿಕೊಳ್ಳುವುದು ಇಷ್ಟೇ: ಪುಸ್ತಕದ ಪಕ್ಕದಲ್ಲಿ ಯಾವಾಗಲೂ ಒಂದು ವಸ್ತು ಇಟ್ಟುಕೊಂಡು ಓದೋಣ.

ಮೊದಲು ಹೆಸರು. ಗ್ರೀಕರು ಇವರನ್ನು ಕೆಲ್ಟೋಯ್ ಅಂದರು, ರೋಮನ್ನರು ಗಾಲ್ ಜನ ಅಂದರು. ಒಬ್ಬ ರಾಜ, ಒಂದು ರಾಜ್ಯ ಎಂಬುದು ಇವರಿಗೆ ಯಾವತ್ತೂ ಇರಲಿಲ್ಲ. ಹತ್ತಿರದ ನುಡಿಗಳನ್ನಾಡುವ ನೂರಾರು ಬಣಗಳು ಐರ್ಲೆಂಡಿನಿಂದ ಹಿಡಿದು ಸ್ಪೇನ್, ಫ್ರಾನ್ಸ್, ಆಲ್ಪ್ಸ್ ಬೆಟ್ಟಗಳ ತಪ್ಪಲಿನವರೆಗೆ ಹರಡಿದ್ದವು. ಕ್ರಿ.ಪೂ. 278ರಲ್ಲಿ ಒಂದಷ್ಟು ಗುಂಪುಗಳು ಇವತ್ತಿನ ಟರ್ಕಿಗೂ ದಾಟಿಹೋದವು. ಬ್ರಿಟನ್ ಮತ್ತು ಐರ್ಲೆಂಡಿನ ಜನರನ್ನು ಕೆಲ್ಟರು ಅಂತ ಕರೆಯುವುದು ರೂಢಿಗೆ ಬಂದದ್ದು ಬಹಳ ತಡವಾಗಿ. ವಿದ್ವಾಂಸ ಎಡ್ವರ್ಡ್ ಲುಯಿಡ್ 1707ರಲ್ಲಿ ಆ ನುಡಿಗಳ ನಂಟನ್ನು ತೋರಿಸಿಕೊಟ್ಟ ಮೇಲೆ.

ಸಮಾಜದ ವಿಷಯಕ್ಕೆ ಬರೋಣ. ರೋಮಿನ ಸೇನಾಪತಿ ಜೂಲಿಯಸ್ ಸೀಸರ್ ಕ್ರಿ.ಪೂ. 58ರಿಂದ ಗಾಲ್ ನಾಡನ್ನು, ಅಂದರೆ ಹೆಚ್ಚುಕಡಿಮೆ ಇವತ್ತಿನ ಫ್ರಾನ್ಸನ್ನು, ಗೆಲ್ಲುತ್ತಾ ಹೋದ. ಗಾಲ್‌ನಲ್ಲಿ ಲೆಕ್ಕಕ್ಕೆ ಬರುವವರು ಎರಡೇ ವರ್ಗ ಅಂತ ಅವನು ಬರೆಯುತ್ತಾನೆ. ಒಂದು ಡ್ರೂಯಿಡರು ಎಂಬ ಪೂಜಾರಿಗಳು, ಇನ್ನೊಂದು ಕುದುರೆ ಏರುವ ಯೋಧರು. ಉಳಿದ ಜನ ಹೆಚ್ಚುಕಡಿಮೆ ಆಳುಗಳೇ. ಸಾಲ, ತೆರಿಗೆ, ದೊಡ್ಡವರ ದಬ್ಬಾಳಿಕೆ ತಾಳಲಾರದೆ ತಮ್ಮನ್ನು ತಾವೇ ಯಜಮಾನರಿಗೆ ಒಪ್ಪಿಸಿಕೊಳ್ಳುತ್ತಿದ್ದರಂತೆ.

ಇದು ಪೂರ್ತಿ ಸುಳ್ಳಲ್ಲ. ಹೆಲ್ವೇಟಿ ಎಂಬ ಬಣದ ಓರ್ಗೆಟೋರಿಕ್ಸ್ ತಾನು ರಾಜನಾಗಲು ಹೊರಟ. ಅದಕ್ಕೆ ಅವನ ಜನ ಅವನನ್ನು ವಿಚಾರಣೆಗೆ ಕರೆದರು. ತಪ್ಪು ಸಾಬೀತಾದರೆ ಸುಡುವ ಶಿಕ್ಷೆ. ವಿಚಾರಣೆಯ ದಿನ ಅವನು ತನ್ನ ಮನೆಗೆ ಸೇರಿದ ಸುಮಾರು 10,000 ಜನರನ್ನು ಕರೆದುಕೊಂಡು ಬಂದ. ಅವರ ಜೊತೆಗೆ ಅವನಿಂದ ಸಾಲ ಪಡೆದವರು, ಅವನ ನೆರಳಲ್ಲಿ ಬದುಕುವವರು ಬೇರೆ. ವಿಚಾರಣೆ ನಡೆಯಲೇ ಇಲ್ಲ. ಒಬ್ಬ ಯಜಮಾನನ ಹಿಂದೆ ಎಷ್ಟು ಜನ ಕಟ್ಟುಬಿದ್ದಿದ್ದರು ಅನ್ನುವುದಕ್ಕೆ ಇದಕ್ಕಿಂತ ಚೆನ್ನಾದ ಉದಾಹರಣೆ ನನಗೆ ಗೊತ್ತಿಲ್ಲ. ಆದರೆ ಇನ್ನೊಂದು ಮಗ್ಗುಲೂ ಇದೆ. ಅಷ್ಟು ಬಲವಿದ್ದವನನ್ನೂ, ನೀನು ರಾಜನಾಗುವ ಹಾಗಿಲ್ಲ, ಬಂದು ಉತ್ತರ ಕೊಡು ಅಂತ ಕೇಳುವ ಕಾನೂನು ಆ ಜನರಲ್ಲಿ ಇತ್ತು.

ಯಜಮಾನರ ದೊಡ್ಡಸ್ತಿಕೆ ಹೇಗಿತ್ತು ಅಂತ ನೋಡಬೇಕಾದರೆ ಜರ್ಮನಿಯ ಹೋಖ್‌ಡೋರ್ಫ್‌ಗೆ ಹೋಗಬೇಕು. 1978-79ರಲ್ಲಿ ಅಲ್ಲೊಂದು ಸಮಾಧಿ ಅಗೆದರು. ಸೀಸರನಿಗಿಂತ ಸುಮಾರು 500 ವರ್ಷ ಹಿಂದಿನದು. ಕಳ್ಳರ ಕೈ ತಾಗಿರಲಿಲ್ಲ. ನಲವತ್ತರ ಆಸುಪಾಸಿನ ಎತ್ತರದ ಗಂಡಸು. ಅವನನ್ನು ಸುಮಾರು 2.75 ಮೀಟರ್ ಉದ್ದದ ಕಂಚಿನ ಮಂಚದ ಮೇಲೆ ಮಲಗಿಸಿದ್ದರು. ಎಂಟು ಕಂಚಿನ ಹೆಣ್ಣುಗೊಂಬೆಗಳು ಆ ಮಂಚವನ್ನು ಹೊತ್ತು ನಿಂತಿವೆ. ಗೊಂಬೆಗಳ ಕಾಲಡಿಯಲ್ಲಿ ಪುಟ್ಟ ಗಾಲಿಗಳು. ಪಕ್ಕದಲ್ಲಿ 500 ಲೀಟರ್ ಹಿಡಿಯುವ ಕೊಪ್ಪರಿಗೆ. ಅದರ ತಳದಲ್ಲಿ ಜೇನಿನ ಹೆಂಡದ ಗಸಿ ಒಣಗಿ ಕೂತಿತ್ತು. ಕುಡಿಯಲು ಒಂಬತ್ತು ಕೊಂಬುಗಳು, ಊಟಕ್ಕೆ ಒಂಬತ್ತು ತಟ್ಟೆಗಳು. ಅಂದರೆ ಸತ್ತ ಮೇಲೂ ಅವನು ಒಂಬತ್ತು ಜನರಿಗೆ ಬಡಿಸಬೇಕಿತ್ತು. ಬಡಿಸುವವನೇ ಯಜಮಾನ. ಅವನ ಜೋಡುಗಳಿಗೆ ಚಿನ್ನದ ತಗಡು ಹೊದಿಸಿದ್ದರು. ಹೊದಿಸುವಾಗ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಹೋಗಿದೆ. ಯಾರೋ ಗಡಿಬಿಡಿಯಲ್ಲಿ, ಬಹುಶಃ ಅಳುತ್ತಾ, ತೊಡಿಸಿದ್ದು. ಈ ಒಂದು ತಪ್ಪು ನನಗೆ ಅಷ್ಟೂ ಚಿನ್ನಕ್ಕಿಂತ ಹೆಚ್ಚು ಹತ್ತಿರ ಅನ್ನಿಸುತ್ತದೆ.

ಇಂಥ ಯಜಮಾನರ ಕೊಪ್ಪರಿಗೆಗಳು ಮುಂದಿನ ಶತಮಾನಗಳಲ್ಲಿ ಇಟಲಿಯ ದ್ರಾಕ್ಷಿ ಮದ್ಯಕ್ಕೆ ಒಗ್ಗಿದವು. ಒಂದು ಹೂಜಿ ಮದ್ಯಕ್ಕೆ ಒಬ್ಬ ಆಳನ್ನು ಕೊಡುತ್ತಾರೆ ಅಂತ ಗ್ರೀಕ್ ಇತಿಹಾಸಕಾರ ಡಯೋಡೋರಸ್ ಬರೆದಿದ್ದಾನೆ. ಅಂಥ ಹೂಜಿಗಳ ಚೂರುಗಳು ಗಾಲ್‌ನ ಪಟ್ಟಣಗಳಲ್ಲಿ ರಾಶಿರಾಶಿಯಾಗಿ ಸಿಕ್ಕಿವೆ. ಆಂಗಲ್‌ಸಿಯ ಸರಪಳಿಯ ಐದು ಬಳೆಗಳನ್ನು ನೋಡುವಾಗ ನನಗೆ ಈ ವ್ಯಾಪಾರ ನೆನಪಾಗುತ್ತದೆ. ಕೆಲ್ಟರನ್ನು ಸುಮ್ನೆ ಹಾಡು, ಕಾಡು, ಕನಸಿನ ಜನ ಅಂತ ಹೊಗಳುವವರು ಈ ಸರಪಳಿಯನ್ನೂ ನೋಡಬೇಕು.

ಸಭೆಯಲ್ಲಿ ಒಬ್ಬರು ಹೆಂಗಸರ ಬಗ್ಗೆ ಕೇಳಿದರು. ಫ್ರಾನ್ಸಿನ ವಿಕ್ಸ್ ಎಂಬಲ್ಲಿ 1953ರಲ್ಲಿ ಸಿಕ್ಕ ಸಮಾಧಿ ಒಬ್ಬ ಹೆಂಗಸಿನದು. ಅವಳ ಜೊತೆ ಇಟ್ಟಿದ್ದ ಗ್ರೀಕ್ ಕಂಚಿನ ಹಂಡೆ 1.64 ಮೀಟರ್ ಎತ್ತರ, 208 ಕೆ.ಜಿ. ತೂಕ. 1100 ಲೀಟರ್ ಹಿಡಿಯುತ್ತದೆ. ಬ್ರಿಟನ್ನಿನಲ್ಲಿ ಬೂಡಿಕಾ, ಕಾರ್ಟಿಮಾಂಡುವಾ ಎಂಬ ರಾಣಿಯರು ಆಳಿದರು. ಮದುವೆಯಲ್ಲಿ ಹೆಣ್ಣು ತಂದ ಹಣಕ್ಕೆ ಗಂಡು ಅಷ್ಟೇ ಹಣ ಸೇರಿಸಬೇಕು, ಬದುಕಿ ಉಳಿದವರಿಗೆ ಎರಡೂ ಪಾಲು ಬಡ್ಡಿ ಸಮೇತ ಸೇರುತ್ತದೆ ಅಂತ ಸೀಸರ್ ಹೇಳುತ್ತಾನೆ. ಅದೇ ಪುಟದಲ್ಲಿ, ಹೆಂಡತಿ ಮಕ್ಕಳ ಪ್ರಾಣದ ಮೇಲೂ ಗಂಡನಿಗೆ ಹಕ್ಕಿತ್ತು ಅಂತಲೂ ಹೇಳುತ್ತಾನೆ. ಎರಡನ್ನೂ ಒಟ್ಟಿಗೆ ಓದಬೇಕು, ಅಲ್ವಾ?

ಈಗ ಡ್ರೂಯಿಡರು. ಇಲ್ಲಿ ಸ್ವಲ್ಪ ನಿಧಾನ ಮಾಡುತ್ತೇನೆ.

ಡ್ರೂಯಿಡ್ ಎಂದರೆ ಬಿಳಿ ಗಡ್ಡ, ಬಿಳಿ ನಿಲುವಂಗಿ, ಇಂಗ್ಲೆಂಡಿನ ಕಲ್ಲುವೃತ್ತ ಸ್ಟೋನ್‌ಹೆಂಜ್. ಈ ಚಿತ್ರ ಎಲ್ಲರ ತಲೆಯಲ್ಲೂ ಇದೆ. ಸ್ಟೋನ್‌ಹೆಂಜ್‌ನ ದೊಡ್ಡ ಕಲ್ಲುಗಳು ನಿಂತದ್ದು ಕ್ರಿ.ಪೂ. 2500ರ ಸುಮಾರಿಗೆ. ಡ್ರೂಯಿಡರ ಮಾತು ಬರಹದಲ್ಲಿ ಕಾಣಿಸಿಕೊಳ್ಳುವ ಹೊತ್ತಿಗೆ ಆ ಕಲ್ಲುಗಳಿಗೆ ಎರಡು ಸಾವಿರ ವರ್ಷ ವಯಸ್ಸಾಗಿತ್ತು. ಬಿಳಿ ಬಟ್ಟೆ ಬಂದದ್ದು ಪ್ಲಿನಿ ಎಂಬ ರೋಮನ್ ಲೇಖಕನಿಂದ. ಓಕ್ ಮರದ ಮೇಲೆ ಬಂದಳಿಕೆ ಬೆಳೆದಿದ್ದರೆ ಚಾಂದ್ರಮಾನದ ಆರನೇ ದಿನ ಡ್ರೂಯಿಡ್ ಮರ ಹತ್ತುತ್ತಾನೆ, ಚಿನ್ನದ ಕುಡುಗೋಲಿನಿಂದ ಅದನ್ನು ಕೊಯ್ಯುತ್ತಾನೆ, ಕೆಳಗೆ ಬಿಳಿ ಬಟ್ಟೆ ಹಿಡಿಯುತ್ತಾರೆ, ಎರಡು ಬಿಳಿ ಹೋರಿಗಳನ್ನು ಬಲಿ ಕೊಡುತ್ತಾರೆ ಎಂದು ಅವನು ಬರೆದ. ಇಡೀ ಲೋಕ ಈ ಒಂದು ಚಿತ್ರಕ್ಕೇ ಅಂಟಿಕೊಂಡಿತು.

ಸೀಸರನ ಮಾತು ಬೇರೆ ರೀತಿ ಇದೆ. ಡ್ರೂಯಿಡರು ಪೂಜೆ ನಡೆಸುವವರಷ್ಟೇ ಅಲ್ಲ, ನ್ಯಾಯ ಹೇಳುವವರು. ಕೊಲೆ, ಆಸ್ತಿ, ಗಡಿ, ಎಲ್ಲ ಜಗಳವೂ ಅವರ ಮುಂದೆ. ತೀರ್ಪು ಕೇಳದವನನ್ನು ಬಲಿಪೂಜೆಗೆ ಸೇರಿಸುತ್ತಿರಲಿಲ್ಲ, ಜನ ಅವನ ಜೊತೆ ಮಾತೂ ಆಡುತ್ತಿರಲಿಲ್ಲ. ನಮ್ಮ ಹಳ್ಳಿಗಳಲ್ಲಿ ಬಹಿಷ್ಕಾರ ಅನ್ನುತ್ತಿದ್ದರಲ್ಲ, ಹಾಗೆ. ಡ್ರೂಯಿಡರಿಗೆ ತೆರಿಗೆ ಇಲ್ಲ, ಯುದ್ಧಕ್ಕೆ ಹೋಗುವ ಕಟ್ಟಳೆಯೂ ಇಲ್ಲ. ವರ್ಷಕ್ಕೊಮ್ಮೆ ಕಾರ್ನೂಟೀಸ್ ಎಂಬ ಬಣದ ನೆಲದಲ್ಲಿ, ಗಾಲ್‌ನ ನಡುಮಧ್ಯೆ ಅಂತ ನಂಬಿದ್ದ ಜಾಗದಲ್ಲಿ, ಎಲ್ಲರೂ ಸೇರುತ್ತಿದ್ದರು. ಸತ್ತ ಮೇಲೆ ಆತ್ಮ ಇನ್ನೊಬ್ಬರನ್ನು ಸೇರುತ್ತದೆ ಅನ್ನುವುದು ಅವರ ಮುಖ್ಯ ಪಾಠ. ಕಲಿಕೆ ಕೆಲವರಿಗೆ 20 ವರ್ಷ ಹಿಡಿಯುತ್ತಿತ್ತು. ಎಲ್ಲವೂ ಪದ್ಯ, ಎಲ್ಲವೂ ಬಾಯಿಪಾಠ. ಬರೆಯುವಂತಿಲ್ಲ.

ಯಾಕೆ ಬರೆಯುವಂತಿಲ್ಲ? ಸೀಸರನಿಗೆ ಎರಡು ಕಾರಣ ತೋಚುತ್ತದೆ. ವಿದ್ಯೆ ಊರೆಲ್ಲ ಹರಡಬಾರದು ಅಂತ ಒಂದು. ಬರಹವನ್ನು ನಂಬಿಕೊಂಡರೆ ಕಲಿಯುವವರು ನೆನಪನ್ನು ಸೋಮಾರಿ ಮಾಡುತ್ತಾರೆ ಅಂತ ಇನ್ನೊಂದು. ಲೆಕ್ಕಪತ್ರಗಳಿಗೆ ಅವರು ಗ್ರೀಕ್ ಅಕ್ಷರ ಬಳಸುತ್ತಿದ್ದರು ಅಂತಲೂ ಅವನೇ ಹೇಳುತ್ತಾನೆ. ಇದನ್ನು ಗಮನಿಸಿ. ಅಕ್ಷರ ಗೊತ್ತಿತ್ತು. ಗೊತ್ತಿದ್ದೂ ದೇವರ ವಿಷಯಕ್ಕೆ ಅಕ್ಷರ ಬೇಡ ಅಂದರು. ಆ ನಿರ್ಧಾರಕ್ಕೆ ಅವರು ಎಂಥ ಬೆಲೆ ತೆತ್ತರು ನೋಡಿ. ಆ ಪದ್ಯಗಳ ಒಂದು ಸಾಲೂ ನಮಗೆ ಉಳಿದಿಲ್ಲ. ಇದನ್ನು ಹೇಳುವಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಹೆಸರು ಗೊತ್ತಿರುವ ಗಾಲ್‌ನ ಡ್ರೂಯಿಡ್ ಒಬ್ಬನಿದ್ದಾನೆ. ಈಡ್ವಿ ಬಣದ ಡಿವಿಸಿಯಾಕಸ್. ಅವನು ರೋಮಿಗೆ ಹೋಗಿ ಸಹಾಯ ಕೇಳಿದ್ದ. ಅವನು ಡ್ರೂಯಿಡ್ ಅಂತ ಹೇಳುವವನು ಅವನನ್ನು ಬಲ್ಲ ರೋಮಿನ ವಾಗ್ಮಿ ಸಿಸೆರೋ. ಸೀಸರ್ ಅವನ ಬಗ್ಗೆ ಎಷ್ಟೋ ಪುಟ ಬರೆದಿದ್ದಾನೆ, ಡ್ರೂಯಿಡ್ ಎಂಬ ಮಾತನ್ನು ಮಾತ್ರ ಎತ್ತುವುದೇ ಇಲ್ಲ. ಒಂದು ಕಡೆ ಡಿವಿಸಿಯಾಕಸ್ ಸೀಸರನನ್ನು ತಬ್ಬಿಕೊಂಡು ಅಳುತ್ತಾನೆ. ನನ್ನ ತಮ್ಮ ಡಮ್ನೋರಿಕ್ಸ್‌ನನ್ನು ಬಿಟ್ಟುಬಿಡಿ ಅಂತ ಬೇಡಿಕೊಳ್ಳುತ್ತಾನೆ. ಸೀಸರ್ ಅವನ ಬಲಗೈ ಹಿಡಿದು ಸಮಾಧಾನ ಮಾಡುತ್ತಾನೆ. ಕೆಲವು ವರ್ಷ ಕಳೆದ ಮೇಲೆ, ಕ್ರಿ.ಪೂ. 54ರಲ್ಲಿ, ಅದೇ ತಮ್ಮನನ್ನು ಸೀಸರನ ಕುದುರೆ ಸವಾರರು ಅಟ್ಟಿಸಿಕೊಂಡು ಹೋಗಿ ಕೊಂದರು. ನಾನು ಸ್ವತಂತ್ರ, ನನ್ನ ನಾಡೂ ಸ್ವತಂತ್ರ ಅಂತ ಕೂಗುತ್ತಾ ಸತ್ತನಂತೆ. ಡ್ರೂಯಿಡರ ಬಗ್ಗೆ ಅಷ್ಟು ವಿವರ ಬರೆದ ಕೈಗೆ ತನ್ನ ಹೆಗಲ ಮೇಲೆ ಅತ್ತ ಡ್ರೂಯಿಡ್ ಸಿಗಲಿಲ್ಲವೇ? ಸೀಸರನನ್ನು ಓದುವಾಗ ಈ ಪ್ರಶ್ನೆ ಇಟ್ಟುಕೊಂಡೇ ಓದಬೇಕು.

ಮುಂದಿನ ಸಾಲಿನಲ್ಲಿ ಕೂತಿದ್ದ ಹುಡುಗನೊಬ್ಬ, ಸಾರ್, ಡ್ರೂಯಿಡ್ ಅಂದರೆ ದ್ರಾವಿಡ ಅಂತ ವಾಟ್ಸ್ಯಾಪಿನಲ್ಲಿ ಓದಿದೆ, ನಿಜವಾ ಅಂದ. ನಿಜ ಅಲ್ಲ ಕಣಪ್ಪ. ಕೆಲ್ಟ್ ನುಡಿಗಳು ಇಂಡೋ-ಯುರೋಪಿಯನ್ ಮನೆತನದವು, ಸಂಸ್ಕೃತದ ದೂರದ ಒಡಹುಟ್ಟುಗಳು. ನಮ್ಮ ಕನ್ನಡ ಬೇರೆ ಮನೆತನದ ನುಡಿ. ಡ್ರೂಯಿಡ್ ಪದದ ಕೊನೆಯ ಭಾಗ ‘ವಿದ್’, ತಿಳಿಯುವುದು. ವಿದ್ಯೆ, ವೇದದಲ್ಲಿ ಇರುವುದೂ ಅದೇ ಬೇರು. ಮೊದಲ ಭಾಗವನ್ನು ಬಹಳ ವಿದ್ವಾಂಸರು ಮರ ಎಂಬ ಅರ್ಥದ ಬೇರಿಗೆ ಜೋಡಿಸುತ್ತಾರೆ. ಸಂಸ್ಕೃತದ ‘ದಾರು’ ಅದರ ಬಳಗ. ಓರ್ಗೆಟೋರಿಕ್ಸ್, ಡಮ್ನೋರಿಕ್ಸ್ ಹೆಸರುಗಳ ಕೊನೆಯ ‘ರಿಕ್ಸ್’ ಇದೆಯಲ್ಲ, ಅದು ನಾವು ಸಂಸ್ಕೃತದಿಂದ ತಂದುಕೊಂಡ ‘ರಾಜ’ ಪದದ ನೆಂಟ.

ಇದು ಸುಮ್ನೆ ಊಹೆ ಅನ್ನಿಸಿದರೆ ದಕ್ಷಿಣ ಫ್ರಾನ್ಸಿನ ಲಾ ಗ್ರೋಫೆಸಾಂಕ್‌ನ ಕುಂಬಾರರನ್ನು ಕೇಳಿ. ಕ್ರಿ.ಶ. ಒಂದನೇ ಶತಮಾನ. ಆಗಲೇ ರೋಮನ್ನರ ಆಳ್ವಿಕೆ. ಹಲವು ಕುಂಬಾರರು ಸೇರಿ ಒಂದೇ ಆವಿಗೆಯಲ್ಲಿ ಮಡಕೆ ಸುಡುತ್ತಿದ್ದರು. ಯಾರದು ಎಷ್ಟು ಅಂತ ಜಗಳ ಬರಬಾರದಲ್ಲ? ಅದಕ್ಕೆ ಒಂದು ತಟ್ಟೆಯ ಮೇಲೆ ಮೊಳೆಯಿಂದ ಗೀಚಿ ಲೆಕ್ಕ ಬರೆದು, ಆ ತಟ್ಟೆಯನ್ನೂ ಜೊತೆಗೆ ಸುಡುತ್ತಿದ್ದರು. ಆವಿಗೆಗೆ ನಂಬರ್ ಹಾಕಿದ್ದಾರೆ, ತಮ್ಮ ಗಾಲ್ ನುಡಿಯಲ್ಲಿ. ಏಳನೆಯದು ಸೆಕ್ಸ್ತಮೆತೋಸ್, ಎಂಟನೆಯದು ಓಕ್ಸ್ತುಮೆತೋಸ್, ಒಂಬತ್ತನೆಯದು ನಮೆತ್, ಹತ್ತನೆಯದು ದೆಕಮೆತೋಸ್. ಈಗ ಸಪ್ತಮ, ಅಷ್ಟಮ, ನವಮ, ದಶಮ ಅಂತ ಜೋರಾಗಿ ಹೇಳಿ ನೋಡಿ. ಸಭೆಯಲ್ಲಿ ಎಲ್ಲರೂ ಹೇಳಿದರು, ಹೇಳಿ ನಕ್ಕರು. ಡ್ರೂಯಿಡರ ಪದ್ಯ ಹೋಯಿತು, ಕುಂಬಾರರ ಲೆಕ್ಕ ಉಳಿಯಿತು.

ದೇವರ ಲೆಕ್ಕವೂ ಒಂದು ಉಳಿದಿದೆ. 1897ರಲ್ಲಿ ಫ್ರಾನ್ಸಿನ ಕೊಲಿನ್ಯಿ ಎಂಬಲ್ಲಿ ಒಂದು ಕಂಚಿನ ಫಲಕದ ಚೂರುಗಳು ಸಿಕ್ಕವು. ಜೋಡಿಸಿ ನೋಡಿದರೆ ಅದು ಪಂಚಾಂಗ. ಐದು ವರ್ಷ, 62 ತಿಂಗಳು. ಲೆಕ್ಕ ಹಾಕಿ: ಐದು ವರ್ಷಕ್ಕೆ 60 ತಿಂಗಳು. ಉಳಿದ ಎರಡು? ಅವು ಅಧಿಕ ಮಾಸ. ಚಂದ್ರನ ತಿಂಗಳು 29 ಅಥವಾ 30 ದಿನದ್ದು. ಹಾಗೇ ಬಿಟ್ಟರೆ ವರ್ಷ ಋತುವಿನಿಂದ ಜಾರಿಹೋಗುತ್ತದೆ. ಆದ್ದರಿಂದ ಎರಡೂವರೆ ವರ್ಷಕ್ಕೊಂದು ತಿಂಗಳು ಸೇರಿಸಿದರು. ಪ್ರತಿ ತಿಂಗಳನ್ನೂ ಎರಡು ಪಾಲು ಮಾಡಿದ್ದಾರೆ, ನಮ್ಮಲ್ಲಿ ಪಕ್ಷಗಳಿರುವ ಹಾಗೆ. ಕೆಲವು ತಿಂಗಳ ಮುಂದೆ ‘ಮತ್’, ಕೆಲವದರ ಮುಂದೆ ‘ಅನ್ಮ್’ ಅಂತ ಕೆತ್ತಿದೆ. ಒಳ್ಳೆಯದು, ಒಳ್ಳೆಯದಲ್ಲದ್ದು ಅಂತ ಹೆಚ್ಚಿನವರು ಅರ್ಥ ಮಾಡುತ್ತಾರೆ. ದಿನಕ್ಕೊಂದು ಪುಟ್ಟ ತೂತು. ಅದರಲ್ಲಿ ಕಡ್ಡಿ ಸಿಕ್ಕಿಸಿ, ಇವತ್ತು ಇಲ್ಲಿದ್ದೇವೆ ಅಂತ ಗುರುತು ಮಾಡುತ್ತಿದ್ದರು.

ಇದನ್ನು ನೋಡಿದಾಗ ನಮ್ಮವರಿಗೆ ಮೈ ಜುಮ್ಮೆನ್ನುತ್ತದೆ. ನನಗೂ ಹಾಗೇ ಆಯಿತು. ಆದರೆ ಅವರು ಇಲ್ಲಿಂದ ಕಲಿತರು ಅಂತ ಹೇಳಲು ಯಾವ ಆಧಾರವೂ ಇಲ್ಲ. ಒಂದೇ ಚಂದ್ರ, ಒಂದೇ ಸೂರ್ಯ. ಎರಡನ್ನೂ ಬಿಡಬಾರದು ಅಂದುಕೊಂಡವರಿಗೆಲ್ಲ ಅಧಿಕ ಮಾಸ ಬೇಕೇ ಬೇಕು. ಗುಂಡೆಸ್ಟ್ರಪ್ ಕೊಪ್ಪರಿಗೆಯ ವಿಷಯವೂ ಅಷ್ಟೇ. 1891ರಲ್ಲಿ ಡೆನ್ಮಾರ್ಕಿನ ಜೌಗಿನಲ್ಲಿ ಸಿಕ್ಕ ಬೆಳ್ಳಿ ಪಾತ್ರೆ ಅದು. ಕೊಂಬಿರುವ ದೇವರೊಬ್ಬ ಕಾಲು ಮಡಿಸಿ ಕೂತಿದ್ದಾನೆ, ಸುತ್ತ ಪ್ರಾಣಿಗಳು. ಸಿಂಧೂ ಕಣಿವೆಯ ಪಶುಪತಿ ಮುದ್ರೆ ಅಂತ ಕೂಡಲೇ ಹೇಳಿಬಿಡುತ್ತೇವೆ. ಎರಡರ ನಡುವೆ ಸುಮಾರು ಎರಡು ಸಾವಿರ ವರ್ಷಗಳ ಅಂತರ ಇದೆ. ಆ ದೇವರ ಕೈಯಲ್ಲಿರುವುದು ಕೆಲ್ಟರು ಒಡವೆಯಾಗಿ ತೊಡುತ್ತಿದ್ದ ಕೊರಳ ಬಳೆ ಮತ್ತು ಟಗರುಕೊಂಬಿನ ಹಾವು. ಅವನನ್ನು ಅವನ ನೆಲದಲ್ಲೇ ಬಿಡೋಣ.

ದೇವರುಗಳ ಹೆಸರು ನೂರಾರು ಸಿಕ್ಕಿವೆ. ಹೆಚ್ಚಿನವು ಒಂದೇ ಊರಿನಲ್ಲಿ, ಒಂದೇ ಕಲ್ಲಿನಲ್ಲಿ. ಒಂದು ಬುಗ್ಗೆಗೆ ಒಬ್ಬಳು ದೇವಿ, ಒಂದು ನದಿಗೆ ಒಬ್ಬಳು. ಸೀಸರ್ ಮಾತ್ರ ಇವರು ಮರ್ಕ್ಯುರಿಯನ್ನು ಪೂಜಿಸುತ್ತಾರೆ, ಅಪೊಲೋನನ್ನು ಪೂಜಿಸುತ್ತಾರೆ ಅಂತ ರೋಮಿನ ದೇವರ ಹೆಸರು ಹಚ್ಚಿ ಮುಗಿಸಿದ. ಊರೂರಿನ ಮಾರಮ್ಮ, ಹುಲಿಗೆಮ್ಮ, ದ್ಯಾಮವ್ವರನ್ನೆಲ್ಲ ಹೊರಗಿನವನೊಬ್ಬ ಬಂದು ಒಂದೇ ಹೆಸರಲ್ಲಿ ಬರೆದುಕೊಂಡು ಹೋದರೆ ಹೇಗೋ ಹಾಗೆ. ಪೂಜೆಯ ಕಾಡಿಗೆ ಅವರ ಮಾತಿನಲ್ಲಿ ‘ನೆಮೆಟನ್’ ಅಂತ ಹೆಸರಿತ್ತು. ಕೊಡಗಿನವರಿಗೆ ನಾನು ಅದನ್ನು ವಿವರಿಸಬೇಕಿಲ್ಲ. ದೇವರಕಾಡು ಅಂದರೆ ಸಾಕು.

ಈ ದೇವರುಗಳಿಗೆ ಜನ ಏನು ಕೊಟ್ಟರು, ಏನು ಕೇಳಿದರು? ಫ್ರಾನ್ಸಿನ ಶಾಮಲಿಯೇರ್ ಎಂಬ ಬುಗ್ಗೆಯಲ್ಲಿ ಸಾವಿರಾರು ಮರದ ಕೈಕಾಲುಗಳು ಸಿಕ್ಕಿವೆ. ನೋವಿದ್ದ ಅಂಗವನ್ನು ಮರದಲ್ಲಿ ಕೆತ್ತಿಸಿ ನೀರಿಗೆ ಕೊಟ್ಟದ್ದು. ನಾವು ಬೆಳ್ಳಿಯ ಕಣ್ಣು ಒಪ್ಪಿಸುವುದಿಲ್ಲವೇ, ಅದೇ ಹರಕೆ. ಇಂಗ್ಲೆಂಡಿನ ಬಾತ್ ಊರಿನಲ್ಲಿ ಸುಲಿಸ್ ಎಂಬ ಬಿಸಿನೀರ ಬುಗ್ಗೆಯ ದೇವಿ ಇದ್ದಳು. ರೋಮನ್ನರು ಬಂದ ಮೇಲೆ ಅವಳ ಹೆಸರಿಗೆ ತಮ್ಮ ದೇವಿ ಮಿನರ್ವಾಳ ಹೆಸರು ಸೇರಿಸಿದರು. ಆ ಬುಗ್ಗೆಯಲ್ಲಿ ಸುಮಾರು 130 ಸೀಸದ ತಗಡುಗಳು ಸಿಕ್ಕಿವೆ. ಹೆಚ್ಚಿನವು ದೇವಿಗೆ ಕೊಟ್ಟ ದೂರುಗಳು. ಡೋಸಿಮೆಡಿಸ್ ಎಂಬವನ ಎರಡು ಕೈಗವಸು ಕಳುವಾಗಿತ್ತು. ಕದ್ದವನಿಗೆ ಬುದ್ಧಿಯೂ ಹೋಗಲಿ, ಕಣ್ಣೂ ಹೋಗಲಿ ಅಂತ ಬರೆದು ಹಾಕಿದ್ದಾನೆ. ಒಂದು ಜೊತೆ ಕೈಗವಸಿಗೆ! ಬಡವನ ಸಿಟ್ಟು ಇಷ್ಟು ಹತ್ತಿರದಿಂದ ಕೇಳಿಸುವುದು ಅಪರೂಪ.

ಯೋಧರು ಕತ್ತಿ ಕೊಟ್ಟರು. ಕೊಡುವ ಮೊದಲು ಅದನ್ನು ಮಡಚಿ ಹಾಳು ಮಾಡಿದರು. ಫ್ರಾನ್ಸಿನ ಗುರ್ನೇ ದೇವಸ್ಥಾನದಲ್ಲಿ ಹೀಗೆ ಮುರಿದ ಆಯುಧಗಳು ಸುಮಾರು ಎರಡು ಸಾವಿರ ಸಿಕ್ಕಿವೆ. ದೇವರಿಗೆ ಕೊಟ್ಟದ್ದು ಮತ್ತೆ ಮನುಷ್ಯರ ಕೈಗೆ ಬರಬಾರದು.

ನರಬಲಿ ಇತ್ತಾ ಅಂತ ಕೇಳಿದರು. ಇತ್ತು ಅಂತಲೇ ನಾನು ನಂಬುತ್ತೇನೆ. 1984ರಲ್ಲಿ ಇಂಗ್ಲೆಂಡಿನ ಲಿಂಡೋ ಜೌಗಿನಲ್ಲಿ ಒಬ್ಬ ಯುವಕನ ದೇಹ ಚರ್ಮ, ಕೂದಲು ಸಮೇತ ಸಿಕ್ಕಿತು. ತಲೆಗೆ ಪೆಟ್ಟು. ಕೊರಳಲ್ಲಿ ಪ್ರಾಣಿಯ ನರದ ದಾರ. ಹೊಟ್ಟೆಯಲ್ಲಿ ಹೆಂಚಿನ ಮೇಲೆ ಸುಟ್ಟ ರೊಟ್ಟಿ, ಬಂದಳಿಕೆಯ ಪರಾಗದ ಕೆಲವು ಕಣ. ಬಲಿಯೋ ಬರೀ ಕೊಲೆಯೋ ಅಂತ ವಿದ್ವಾಂಸರು ಇನ್ನೂ ವಾದಿಸುತ್ತಿದ್ದಾರೆ. ಆದರೆ ನರಬಲಿಯ ಹೆಸರಲ್ಲಿ ಕೆಲ್ಟರನ್ನು ಅನಾಗರಿಕರು ಅಂದ ರೋಮ್ ಏನು ಮಾಡಿತ್ತು? ಕ್ರಿ.ಪೂ. 216ರಲ್ಲಿ ಯುದ್ಧ ಸೋತ ಭಯಕ್ಕೆ, ದನದ ಸಂತೆಯ ಬಯಲಲ್ಲಿ ಒಬ್ಬ ಗಾಲ್ ಗಂಡಸು, ಒಬ್ಬಳು ಗಾಲ್ ಹೆಂಗಸು, ಜೊತೆಗೆ ಒಂದು ಗ್ರೀಕ್ ಜೋಡಿಯನ್ನು ಜೀವಂತ ಹೂತಿತು. ಇದನ್ನು ಬರೆದಿಟ್ಟವನು ರೋಮಿನ ಇತಿಹಾಸಕಾರ ಲಿವಿಯೇ.

ಮತ್ತೆ ಆಂಗಲ್‌ಸಿಗೆ ಹೋಗೋಣ. ರೋಮನ್ನರು ಅದನ್ನು ಮೋನಾ ಅನ್ನುತ್ತಿದ್ದರು. ಕ್ರಿ.ಶ. 60ರ ಹೊತ್ತಿಗೆ ಸೇನಾಪತಿ ಸುಯೆಟೋನಿಯಸ್ ಪೌಲಿನಸ್ ದ್ವೀಪಕ್ಕೆ ನುಗ್ಗಿದ. ರೋಮಿನ ಇತಿಹಾಸಕಾರ ಟಾಸಿಟಸ್ ಬರೆಯುತ್ತಾನೆ: ದಡದಲ್ಲಿ ಯೋಧರು, ಅವರ ನಡುವೆ ಕಪ್ಪು ಬಟ್ಟೆ ಉಟ್ಟು, ಕೂದಲು ಕೆದರಿ, ಪಂಜು ಹಿಡಿದು ಓಡುವ ಹೆಂಗಸರು, ಸುತ್ತ ಆಕಾಶಕ್ಕೆ ಕೈಯೆತ್ತಿ ಶಾಪ ಹಾಕುವ ಡ್ರೂಯಿಡರು. ರೋಮನ್ ಸೈನಿಕರು ಒಂದು ಗಳಿಗೆ ಮೈ ಮರಗಟ್ಟಿದಂತೆ ನಿಂತುಬಿಟ್ಟರು. ಆಮೇಲೆ ನುಗ್ಗಿ ಕಡಿದರು. ದೇವರಕಾಡನ್ನೂ ಕಡಿದು ಹಾಕಿದರು. ಕಡಿದವರಿಗೆ ಚಿಕ್ಕ ಕಲ್ಲುಗಳ ಕೆರೆ ಮಾತ್ರ ಕಾಣಿಸಲಿಲ್ಲ. ಜನ ತಲೆಮಾರುಗಳಿಂದ ಕೊಡುತ್ತಾ ಬಂದದ್ದೆಲ್ಲ ಅದರ ತಳದಲ್ಲೇ ಉಳಿಯಿತು.

ಕೆಲ್ಟರು ಕಾಲವನ್ನು ಹಗಲಿನಿಂದ ಎಣಿಸುವುದಿಲ್ಲ, ರಾತ್ರಿಯಿಂದ ಎಣಿಸುತ್ತಾರೆ ಅಂತ ಸೀಸರ್ ಒಂದು ಸಾಲು ಬರೆದಿದ್ದಾನೆ. ಅವರಿಗೆ ರಾತ್ರಿ ಮೊದಲು, ಹಗಲು ಆಮೇಲೆ. ಆಂಗಲ್‌ಸಿಯಲ್ಲಿ ಇವತ್ತಿಗೂ ಅರ್ಧಕ್ಕಿಂತ ಜಾಸ್ತಿ ಜನ ವೆಲ್ಷ್ ಮಾತಾಡುತ್ತಾರೆ. ಅದು ಕೆಲ್ಟ್ ನುಡಿ. ಮುಂದಿನ ವಾರ ಬಾ ಅಂತ ಹೇಳಲು ಅವರು ವಾರಕ್ಕೆ ಬಳಸುವ ಪದ ‘ವಿಥ್‌ನೋಸ್’. ಎಂಟು ರಾತ್ರಿ ಅಂತ ಅದರ ಅರ್ಥ.